ಮುಳ್ಳಿನ ಕಟ್ಟು

"ಗುರುಗಳೇ, ಒಳ್ಳೆಯದನ್ನು ಉಳಿಸುವುದಕ್ಕೆ ಜನರನ್ನು ಹೆದರಿಸಿದರೆ ತಪ್ಪೇ?"

ಶಿಷ್ಯ ಇದನ್ನು ಕೇಳುವಾಗ ಅವನ ಕೈಯಲ್ಲಿ ಒಂದು ಕೆಂಪು ಬಟ್ಟೆ ಇತ್ತು. ಮಠದ ಹಿಂದೆ ಹುಲ್ಲಿನ ಇಳಿಜಾರು, ಅದರ ಕೆಳಗೆ ಒಂದು ಹೊಂಡ. ಎರಡೂ ಮಠಕ್ಕೆ ಎಷ್ಟೋ, ಕೆಳಗಿನ ಊರಿಗೂ ಅಷ್ಟೇ ಸೇರಿದ್ದವು. ಆ ವರ್ಷ ಅವುಗಳನ್ನು ನೋಡಿಕೊಳ್ಳುವ ಕೆಲಸ ಶಿಷ್ಯನ ಪಾಲಿಗೆ ಬಂದಿತ್ತು. ಅವನು ಊರಿನವರನ್ನು ಕರೆದು ಕೂರಿಸಿ, ಹುಲ್ಲು ಬೆಳೆಯುವವರೆಗೆ ಮೇಕೆ ಬಿಡಬೇಡಿ ಎಂದಿದ್ದ. ಅವರು ತಲೆಯಾಡಿಸಿ ಎದ್ದು ಹೋಗಿ ಮರುದಿನ ಮೇಕೆ ಬಿಟ್ಟಿದ್ದರು. ಕೇಳಿದರೆ ಒಬ್ಬ ಹೆಂಗಸು, ನಮ್ಮ ಮೇಕೆಗೆ ನಿಮ್ಮ ಮಾತು ತಿಳಿಯಲಿಲ್ಲ ಬುದ್ಧಿ, ಎಂದು ನಕ್ಕಿದ್ದಳು.

ಹೊಂಡದ ಬಳಿ ಇರುವ ಮರಕ್ಕೆ ಈ ಬಟ್ಟೆ ಕಟ್ಟುತ್ತೇನೆ ಎಂದ ಶಿಷ್ಯ. ಅಲ್ಲಿ ಏನೋ ಇದೆ ಎಂದು ಒಂದು ಮಾತು ತೇಲಿಬಿಡುತ್ತೇನೆ. ಯಾರಿಗೂ ನೋವಾಗುವುದಿಲ್ಲ. ಹುಲ್ಲೂ ಉಳಿಯುತ್ತದೆ, ನೀರೂ ಉಳಿಯುತ್ತದೆ.

ಗುರು ಕುಳಿತುಕೋ ಎಂದರು. ಅವನು ಕುಳಿತ ಮೇಲೆ ಕತೆ ಹೇಳಿದರು.

ಬಯಲಿನಲ್ಲಿ ಒಂದು ಊರು. ಊರಿನವರು ಕುರಿ ದನ ಸಾಕಿ ಬದುಕುತ್ತಿದ್ದರು. ಊರಿನ ಮೇಲ್ಗಡೆ, ಎರಡು ಗುಡ್ಡಗಳ ನಡುವೆ ಒಂದು ಹುಲ್ಲುಗಾವಲು. ಅದನ್ನು ಅವರು ಕಾವಲು ಎಂದು ಕರೆಯುತ್ತಿದ್ದರು. ಅದು ಯಾವ ಒಂದು ಮನೆಯದೂ ಅಲ್ಲ, ಎಲ್ಲ ಮನೆಗಳದು. ಮೊದಲ ಮಳೆ ಬಿದ್ದ ದಿನ ಕಾವಲು ಮುಚ್ಚುತ್ತಿದ್ದರು. ಬೇಸಿಗೆಯಲ್ಲಿ ಬೇರೆ ಕಡೆಯ ಮೇವು ಮುಗಿದಾಗ ಎಲ್ಲರೂ ಕೂಡಿ ತೆರೆಯುತ್ತಿದ್ದರು. ನಡುವಿನ ತಿಂಗಳುಗಳಲ್ಲಿ ಗೌಡನ ಕುರಿಯೂ ಒಳಗೆ ಕಾಲಿಡುವಂತಿರಲಿಲ್ಲ.

ಮುಚ್ಚಿದ ಕಾವಲನ್ನು ಕಾಯುವುದಕ್ಕೆ ಸರದಿ ಇತ್ತು. ಒಂದು ದಿನಕ್ಕೆ ಒಂದು ಮನೆ. ಸರದಿಯ ಮನೆಯಿಂದ ಒಬ್ಬರು ಬೆಳಿಗ್ಗೆ ಕೋಲು ಹಿಡಿದು ಹೋಗಬೇಕು. ಕಾವಲಿನ ಬಾಯಿಯಿಂದ ಆ ತುದಿಯ ಹಳ್ಳದವರೆಗೆ ನಡೆದು ಬರಬೇಕು. ಸಂಜೆ ಕೋಲನ್ನು ಮುಂದಿನ ಮನೆಗೆ ಒಪ್ಪಿಸಬೇಕು. ಕೋಲಿನ ಜೊತೆ ಜಾಲಿ ಸಸಿಗಳ ಒಂದು ಕಟ್ಟನ್ನೂ ಕೊಡಬೇಕು. ಆ ಸಸಿಗಳನ್ನು ಕಾವಲಿನ ಒಳಗಿನಿಂದಲೇ ಕಿತ್ತಿರಬೇಕು, ಬೇರು ಸಹಿತ ಕಿತ್ತಿರಬೇಕು. ಕೋಲು ತೆಗೆದುಕೊಳ್ಳುವವರು ಮೊದಲು ಬೇರು ನೋಡುತ್ತಿದ್ದರು. ಬೇರು ಹರಿದ ಸಸಿ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಈ ಕಟ್ಟು ಯಾಕೆ ಎಂದು ಕೇಳಿದರೆ ಊರಿನಲ್ಲಿ ಎಲ್ಲರದೂ ಒಂದೇ ಉತ್ತರ. ಹೋಗಿ ಬಂದದ್ದಕ್ಕೆ ಗುರುತು. ಮರದ ನೆರಳಿನಲ್ಲಿ ಮಲಗಿ ಎದ್ದು ಬಂದವನಿಗೆ ಕಟ್ಟು ಎಲ್ಲಿಂದ ಬರುತ್ತದೆ? ಬೇಲಿಯ ಮುಳ್ಳು ಕಡಿದು ತಂದರೆ ಬೇರು ಎಲ್ಲಿಂದ ಬರುತ್ತದೆ? ಹಿರಿಯರು ಜಾಣರು, ಸೋಮಾರಿಗಳನ್ನು ಹಿಡಿಯುವುದಕ್ಕೆ ಹೀಗೆ ಮಾಡಿದ್ದಾರೆ ಎನ್ನುತ್ತಿದ್ದರು. ಕಟ್ಟು ಸಣ್ಣದಾದರೆ, ಏನಪ್ಪಾ, ಅರ್ಧ ದಾರಿಗೇ ಹೆಂಡತಿ ನೆನಪಾದಳೇ ಎಂದು ನಗುತ್ತಿದ್ದರು. ನೋಡಿಯಾದ ಮೇಲೆ ಕಟ್ಟನ್ನು ಒಲೆಗೆ ಹಾಕುತ್ತಿದ್ದರು.

ಹೀಗೆ ಕಾದರೂ ಕಳ್ಳತನ ಇದ್ದೇ ಇತ್ತು. ಯಾರೋ ಕುಡುಗೋಲು ತಂದು ಒಂದು ಹೊರೆ ಹುಲ್ಲು ಕೊಯ್ಯುವರು. ಇನ್ನಾರೋ ತಮ್ಮ ಸರದಿಯ ದಿನ ತಮ್ಮದೇ ಕುರಿ ನುಗ್ಗಿಸುವರು. ಸಿಕ್ಕಿಬಿದ್ದರೆ ದಂಡ, ದಂಡ ಹಾಕಿದರೆ ಜಗಳ. ಪ್ರತಿ ವರ್ಷ ಊರಗೌಡನಿಗೆ ಈ ಪಂಚಾಯಿತಿಯಲ್ಲೇ ಗಂಟಲು ಒಣಗುತ್ತಿತ್ತು.

ಊರಿನ ಅಂಚಿನ ಮನೆಯಲ್ಲಿ ಒಬ್ಬ ಕುರಿಗಾಹಿ ಇದ್ದ. ಹೆಸರು ಮಾಳಿಂಗ. ಒಂದು ಸರದಿಯ ದಿನ ಅವನು ಕಾವಲಿಗೆ ಹೋಗಲಿಲ್ಲ. ಪಕ್ಕದ ಊರಿನಲ್ಲಿ ಟಗರಿನ ಕಾಳಗ ಇತ್ತು, ಅದನ್ನು ನೋಡಲು ಹೋದ. ನೋಡುತ್ತ ನೋಡುತ್ತ ಹೊತ್ತು ಹೋಯಿತು. ಕತ್ತಲಾಗುವ ಮೊದಲು ಕೋಲು ಒಪ್ಪಿಸಬೇಕಲ್ಲ ಎಂದು ಅಡ್ಡದಾರಿ ಹಿಡಿದು ಓಡಿದ. ಬೇಲಿಗಳು ಕೈಕಾಲು ಗೀರಿದವು. ಮುಂದಿನ ಸರದಿಯ ಮನೆ ತಲುಪಿದಾಗ ಅವನಿಗೆ ಏದುಸಿರು.

ಆ ಮನೆಯ ಮುದುಕಿ ಹೊಸಿಲ ಮೇಲೆ ಕುಳಿತಿದ್ದಳು. ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು. ಕಟ್ಟು ಎಲ್ಲಿ ಎಂದು ಅವಳು ಕೈ ಚಾಚಿದಳು. ಮಾಳಿಂಗನ ಕೈಯಲ್ಲಿ ಕೋಲು ಮಾತ್ರ ಇತ್ತು. ಅವಳ ಬಾಯಿಗೆ ಹೆದರಿ ಅವನು ತನ್ನ ಬಾಯಿಗೆ ಬಂದದ್ದನ್ನು ಹೇಳಿದ.

"ಕಟ್ಟು ಅಲ್ಲೇ ಬಿಟ್ಟು ಓಡಿ ಬಂದೆ ದೊಡ್ಡವ್ವಾ. ಹುಲ್ಲಿನೊಳಗೆ ಏನೋ ನಿಂತಿತ್ತು. ಆಳಿಗಿಂತ ಎತ್ತರ. ಯಾವ ಕಡೆ ತಿರುಗಿದರೂ ಎದುರಿಗೇ ಇತ್ತು. ಅದಕ್ಕೆ ಮುಖ ಇರಲಿಲ್ಲ."

ಮುದುಕಿ ಅವನ ಗೀರಿದ ಕೈಗಳನ್ನು ನೋಡಿದಳು, ಏದುಸಿರನ್ನು ನೋಡಿದಳು. ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಳಿಂಗನಿಗೆ ಅನ್ನಿಸಿತು. ಅವನು ಕೋಲನ್ನು ಹೊಸಿಲ ಹೊರಗೆ ಇಟ್ಟು ಮನೆಗೆ ಹೋದ. ಬೆಳಗಾದರೂ ಕೋಲು ಅಲ್ಲೇ ಬಿದ್ದಿತ್ತು.

ಮರುದಿನ ಮುದುಕಿಯ ಮಗ ಇಬ್ಬರನ್ನು ಜೊತೆಗೆ ಕರೆದುಕೊಂಡು ಕಾವಲಿಗೆ ಹೋದ. ಹೊತ್ತು ನೆತ್ತಿಗೆ ಬರುವ ಮೊದಲೇ ಮೂವರೂ ಹಿಂತಿರುಗಿದರು. ಗಾಳಿ ಇಲ್ಲದಿದ್ದರೂ ಹುಲ್ಲು ಅಲುಗಿತು ಎಂದ ಒಬ್ಬ. ಹಿಂದೆ ಯಾರೋ ಉಸಿರಾಡಿದರು ಎಂದ ಇನ್ನೊಬ್ಬ. ಮೂರನೆಯವನು ಏನನ್ನೂ ಹೇಳದೆ ಮನೆಗೆ ಹೋಗಿ ಮುಸುಕೆಳೆದು ಮಲಗಿದ. ಅವನು ಏನನ್ನೂ ಹೇಳದಿದ್ದದ್ದೇ ಎಲ್ಲಕ್ಕಿಂತ ಹೆಚ್ಚು ಹರಡಿತು. ಆಮೇಲೆ ಸರದಿಯ ಮನೆಯವರು ಕಾವಲಿನ ಬಾಯಿಯವರೆಗೆ ಹೋಗಿ ನಿಂತು ಬರತೊಡಗಿದರು. ಕಟ್ಟನ್ನು ಯಾರೂ ಕೇಳಲಿಲ್ಲ.

ಸ್ವಲ್ಪ ದಿನ ಕಳೆದ ಮೇಲೆ ಊರಗೌಡ ಮಾಳಿಂಗನನ್ನು ಕುರಿಗಳ ಹಿಂದೆ ಒಬ್ಬನನ್ನೇ ಹಿಡಿದ. ನೀನು ಕಂಡದ್ದು ನಿಜವೇ ಎಂದು ಕೇಳಿದ. ಮಾಳಿಂಗ ತಲೆ ತಗ್ಗಿಸಿ ಟಗರಿನ ಕಾಳಗದ ಸಂಗತಿ ಹೇಳಿದ. ಗೌಡ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಕಾವಲಿನ ಕಡೆ ಬಹಳ ಹೊತ್ತು ನೋಡಿದ. ಆ ದಿನಗಳಲ್ಲಿ ಒಂದು ಹೊರೆ ಹುಲ್ಲೂ ಕಳುವಾಗಿರಲಿಲ್ಲ. ಒಂದು ಜಗಳವೂ ಅವನ ಬಾಗಿಲಿಗೆ ಬಂದಿರಲಿಲ್ಲ.

"ಈ ಮಾತು ನಮ್ಮಿಬ್ಬರಲ್ಲೇ ಇರಲಿ," ಎಂದ ಗೌಡ. "ಇಷ್ಟು ವರ್ಷ ನಾನು ಬಾಯಿ ನೋಯಿಸಿಕೊಂಡರೂ ಆಗದ ಕೆಲಸವನ್ನು ಒಂದು ಟಗರು ಮಾಡಿತು."

ಅವನು ಕಾವಲಿನ ಬಾಯಿಯಲ್ಲಿ ಒಂದು ಕಲ್ಲು ನೆಡಿಸಿದ. ಅದಕ್ಕೆ ಸುಣ್ಣ ಬಳಿಸಿ ಕುಂಕುಮ ಇಡಿಸಿದ. ಇನ್ನು ಸರದಿ ಬೇಡ, ಕಾಯುವವರು ಇದ್ದಾರೆ ಎಂದ. ಕೇಳಿದವರು ಕಲ್ಲಿಗೆ ಕೈ ಮುಗಿದರು, ಜೊತೆಗೆ ಅವರಿಗೆ ಒಳಗೊಳಗೇ ಹಗುರವೂ ಆಯಿತು. ಕೋಲು ಗೌಡನ ಮನೆಯ ತೊಲೆಯ ಮೇಲೆ ಸೇರಿತು.

ಮುಂದಿನ ವರ್ಷಗಳಲ್ಲಿ ಮಳೆ ಚೆನ್ನಾಗಿ ಆಯಿತು. ಹೊಲದ ಬದುಗಳಲ್ಲಿ, ಕೆರೆಯ ಅಂಗಳದಲ್ಲಿ ಸಾಕಷ್ಟು ಮೇವು ಸಿಕ್ಕಿತು. ಬೇಸಿಗೆ ಬಂದರೂ ಕಾವಲು ತೆರೆಯೋಣ ಎಂದು ಯಾರೂ ಹೇಳಲಿಲ್ಲ. ಇರಲಿ, ಕೆಟ್ಟ ವರ್ಷಕ್ಕೆ ಇರಲಿ ಎಂದರು. ಊರಿನಲ್ಲಿ ನಿಂತು ನೋಡಿದರೆ ಕಾವಲಿನ ಬಾಯಿಯ ಇಳಿಜಾರು ಕಾಣುತ್ತಿತ್ತು. ಅಲ್ಲಿ ಎದೆಯುದ್ದ ಹುಲ್ಲು ನಿಂತಿತ್ತು. ಅದನ್ನು ಕಂಡು ಊರಿನವರಿಗೆ ಭಯವೂ ಆಗುತ್ತಿತ್ತು, ಧೈರ್ಯವೂ ಬರುತ್ತಿತ್ತು. ಆ ಬದಿಗೆ ತಲೆ ಇಟ್ಟು ಮಲಗುವುದನ್ನು ಬಿಟ್ಟರು. ಅಳುವ ಮಕ್ಕಳಿಗೆ ಆ ಕಡೆ ಬೆರಳು ತೋರಿಸಿದರೆ ಸಾಕಾಗಿತ್ತು. ಸಂಜೆ ಒಂದು ಕುರಿ ಕಡಿಮೆಯಾದರೆ ಆ ಕಡೆ ಹೋಗಿ ಹುಡುಕುತ್ತಿರಲಿಲ್ಲ. ಹೋಯಿತು ಎಂದುಕೊಂಡು ಕಲ್ಲಿಗೆ ಕಾಯಿ ಒಡೆದು ಬರುತ್ತಿದ್ದರು.

ಮಾಳಿಂಗನ ಹೆಂಡತಿ ಹೊತ್ತು ಮುಳುಗಿದ ಮೇಲೆ ಹಿತ್ತಿಲಿಗೆ ಹೋಗುವುದನ್ನೇ ನಿಲ್ಲಿಸಿದಳು. ಅವರದು ಅಂಚಿನ ಮನೆ, ಹಿತ್ತಿಲಿನ ಆಚೆಗೆ ಕಾವಲಿನ ದಾರಿ. ಅಲ್ಲಿ ಏನೂ ಇಲ್ಲ, ನನ್ನನ್ನು ನಂಬು ಎಂದ ಮಾಳಿಂಗ. ಅವಳು ಅವನ ಮುಖವನ್ನೇ ನೋಡಿದಳು.

"ಏನೂ ಇಲ್ಲದಿದ್ದರೆ ಅವತ್ತು ಓಡಿ ಬಂದದ್ದು ಯಾಕೆ?"

ಮರುದಿನ ಮಧ್ಯಾಹ್ನ ಅವನು ಒಬ್ಬನೇ ಕಾವಲಿನ ಬಾಯಿಗೆ ಹೋದ. ಒಳಗೆ ಹೋಗಿ ಬಂದು ಹೆಂಡತಿಗೆ ತೋರಿಸಬೇಕು ಎಂದುಕೊಂಡಿದ್ದ. ಸುಣ್ಣದ ಕಲ್ಲಿನ ಪಕ್ಕ ನಿಂತ. ಹುಲ್ಲು ಸರಸರ ಎಂದಿತು. ಅದು ಹುಲ್ಲು ಎಂದು ಅವನಿಗೆ ಗೊತ್ತಿತ್ತು. ಸುಳ್ಳು ಹೇಳಿದವನು ತಾನೇ ಎಂಬುದೂ ಗೊತ್ತಿತ್ತು. ಆದರೆ ಊರಿನ ಇಷ್ಟು ಜನ ಇಷ್ಟು ವರ್ಷ ನಂಬಿದ್ದು ಸುಮ್ಮನೆ ಇರುತ್ತದೆಯೇ ಎಂದು ಒಂದು ಯೋಚನೆ ಬಂತು. ಮೂರನೆಯವನು ಅಂದು ಏನು ಕಂಡಿದ್ದ? ಏನನ್ನೂ ಕಾಣದಿದ್ದರೆ ಯಾಕೆ ಮುಸುಕೆಳೆದುಕೊಂಡ? ಕಾಲು ಮುಂದಕ್ಕೆ ಬರಲಿಲ್ಲ. ಮಾಳಿಂಗ ಹಿಂದಕ್ಕೆ ಬಂದ. ಮೊದಲು ನಡೆದ. ಆಮೇಲೆ ಓಡಿದ.

ಕೊನೆಗೆ ಮಳೆ ಕೈಕೊಟ್ಟ ವರ್ಷ ಬಂತು. ಬದುಗಳ ಹುಲ್ಲು ಮುಗಿಯಿತು. ಕೆರೆಯ ಅಂಗಳ ಬಿರಿಯಿತು. ಕುರಿಗಳ ಪಕ್ಕೆಲುಬು ಕಾಣತೊಡಗಿತು. ಮರಿ ಹಾಕಿದ ಕುರಿಗಳ ಕೆಚ್ಚಲು ಬತ್ತಿತು. ಮಾಳಿಂಗನ ಹಿಂಡಿನಲ್ಲಿ ಬೆಳಗಾದರೆ ಒಂದೊಂದು ಮರಿ ಏಳುತ್ತಿರಲಿಲ್ಲ. ಆ ಹಿಂಡು ಬಿಟ್ಟರೆ ಅವನ ಮನೆಗೆ ಬೇರೆ ಏನೂ ಇರಲಿಲ್ಲ. ಎಲ್ಲ ಮನೆಗಳ ಪಾಡೂ ಅದೇ ಆಗಿತ್ತು.

ಊರು ಸೇರಿತು. ಕಾವಲು ತೆರೆಯಬೇಕು ಎಂದು ಎಲ್ಲರೂ ಒಪ್ಪಿದರು. ಮೊದಲು ಒಳಗೆ ಹೋಗುವವರು ಯಾರು ಎಂದಾಗ ಎಲ್ಲರೂ ನೆಲ ನೋಡಿದರು. ಕೋಲು ಒಪ್ಪಿಸಿಕೊಳ್ಳದ ಆ ಮುದುಕಿ ಈಗ ಇನ್ನೂ ಮುದುಕಿಯಾಗಿದ್ದಳು. ಅವಳು ಮಾಳಿಂಗನ ಕಡೆ ತಿರುಗಿದಳು. ಅದನ್ನು ಕಂಡು ಬದುಕಿ ಬಂದವನು ನೀನೊಬ್ಬನೇ ತಮ್ಮಾ, ನಿನಗೆ ದಾರಿ ಬಿಟ್ಟಿದೆ, ನೀನು ಮುಂದೆ ನಡೆ ಎಂದಳು. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು.

ಬೆಳಿಗ್ಗೆ ಊರಿಗೆ ಊರೇ ಹೊರಟಿತು. ಮುಂದೆ ಮಾಳಿಂಗ, ಅವನ ಹಿಂದೆ ಅವನ ಕುರಿಗಳು, ಆಮೇಲೆ ಊರಿನ ಹಿಂಡುಗಳು, ಎಲ್ಲಕ್ಕೂ ಹಿಂದೆ ಜನ. ಕುರಿಗಳಿಗೆ ಹುಲ್ಲಿನ ವಾಸನೆ ಹತ್ತಿ ಅವು ಮಾಳಿಂಗನ ಕಾಲುಗಳನ್ನು ಹಿಂದಿನಿಂದ ನೂಕುತ್ತಿದ್ದವು. ಸುಣ್ಣದ ಕಲ್ಲಿನ ಬಳಿ ಅವನು ನಿಂತ. ಹಿಂದಿರುಗಿ ನೋಡಿದ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಆಗ ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಇಲ್ಲಿ ಏನೂ ಇಲ್ಲ. ಅವತ್ತು ನಾನು ಸುಳ್ಳು ಹೇಳಿದೆ. ಟಗರಿನ ಕಾಳಗ ನೋಡಲು ಹೋಗಿದ್ದೆ."

ಜನ ಒಂದೊಂದೇ ಹೆಜ್ಜೆ ಹಿಂದೆ ಸರಿದರು.

"ಅದೇ ಇವನ ಬಾಯಲ್ಲಿ ಹೀಗೆ ಆಡಿಸುತ್ತಿದೆ," ಎಂದಳು ಮುದುಕಿ. "ನಮ್ಮನ್ನು ಒಳಗೆ ಕರೆಯುತ್ತಿದೆ."

ಮಾಳಿಂಗ ಗೌಡನ ಕಡೆ ನೋಡಿದ. ಅದು ಸುಳ್ಳು ಎಂದು ತಿಳಿದಿದ್ದ ಇನ್ನೊಬ್ಬ ಅವನೇ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಗೌಡ ಬಾಯಿ ತೆರೆದ, ಮುಚ್ಚಿದ. ಸುಳ್ಳು ಬಯಲಾದೀತೆಂದು ಅವನು ಸುಮ್ಮನಿದ್ದಾನೋ, ತಾನು ನೆಡಿಸಿದ ಕಲ್ಲಿಗೆ ತಾನೇ ಹೆದರಿದ್ದಾನೋ ಮಾಳಿಂಗನಿಗೆ ತಿಳಿಯಲಿಲ್ಲ. ಗೌಡನೂ ಒಂದು ಹೆಜ್ಜೆ ಹಿಂದೆ ಸರಿದ.

ಮಾಳಿಂಗ ಕಣ್ಣು ಮುಚ್ಚಿಕೊಂಡು ಹುಲ್ಲಿನೊಳಗೆ ನುಗ್ಗಿದ. ಅವನ ಕುರಿಗಳು ಅವನ ಹಿಂದೆ ನುಗ್ಗಿದವು.

ಇಳಿಜಾರು ಹತ್ತಿ ಇಳಿಯುವವರೆಗೆ ಹುಲ್ಲು ಎದೆಗೆ ತಾಗುತ್ತಿತ್ತು. ವರ್ಷಗಟ್ಟಲೆ ಯಾರೂ ಮೇಯಿಸದೆ ಬಲಿತು ಕಡ್ಡಿಯಾಗಿದ್ದ ಅದಕ್ಕೆ ಕುರಿಗಳು ಬಾಯಿ ಹಾಕಲಿಲ್ಲ. ಅಲ್ಲಿ ನೆಲ ಬರೀ ಕಲ್ಲು, ಜಾಲಿ ಬೇರು ಬಿಡುವ ನೆಲವಲ್ಲ. ಆಚೆಗೆ ಇಳಿದರೆ ಮೆತ್ತನೆಯ ಎರೆಮಣ್ಣು. ಅಲ್ಲಿಗೆ ಬಂದಾಗ ಹುಲ್ಲು ತಾಗುವುದು ನಿಂತಿತು. ಅವನು ಕಣ್ಣು ತೆರೆದ.

ಎದುರಿಗೆ ಅದು ನಿಂತಿತ್ತು. ಆಳಿಗಿಂತ ಎತ್ತರ. ಎಡಕ್ಕೆ ತಿರುಗಿದ, ಎದುರಿಗೇ ಇತ್ತು. ಬಲಕ್ಕೆ ತಿರುಗಿದ, ಎದುರಿಗೇ ಇತ್ತು. ಅದಕ್ಕೆ ಮುಖ ಇರಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ, ಇಲ್ಲಿಂದ ಹಳ್ಳದವರೆಗೆ ಜಾಲಿ. ಕೊಂಬೆಗೆ ಕೊಂಬೆ ಹೆಣೆದುಕೊಂಡಿತ್ತು. ಕೆಳಗೆ ಒಂದು ಎಳೆ ಹುಲ್ಲೂ ಇರಲಿಲ್ಲ.

ಪ್ರತಿ ಮಳೆಗೂ ಹಳ್ಳದ ನೀರು ಜಾಲಿಯ ಬೀಜ ತಂದು ಆ ಎರೆಯಲ್ಲಿ ಬಿಡುತ್ತಿತ್ತು. ಹಿಂದೆಯೂ ಬಿಡುತ್ತಿತ್ತು. ಆಗ ಪ್ರತಿದಿನ ಸಂಜೆ ಒಂದು ಕಟ್ಟು ಬೇರು ಸಹಿತ ಹೊರಗೆ ಬಂದು ಯಾರದೋ ಒಲೆ ಸೇರುತ್ತಿತ್ತು. ಟಗರಿನ ಕಾಳಗದ ಸಂಜೆಯಿಂದ ಅದು ನಿಂತುಹೋಗಿತ್ತು.

ಹಸಿದ ಕುರಿಗಳು ನಿಲ್ಲಲಿಲ್ಲ. ಹುಲ್ಲು ಹುಡುಕಿ ಮುಳ್ಳಿನೊಳಗೆ ತಲೆ ತೂರಿಸಿದವು. ಉಣ್ಣೆ ಸಿಕ್ಕಿಕೊಂಡಿತು. ಹೊರಗೆ ನಿಂತವರಿಗೆ ಕೇಳಿದ್ದು ಕುರಿಗಳ ಅರಚಾಟ, ಅದರ ಜೊತೆಗೆ ಒಬ್ಬ ಮನುಷ್ಯನ ಕೂಗು. ಯಾರೂ ಒಳಗೆ ಹೋಗಲಿಲ್ಲ. ನಾವು ಹೇಳಲಿಲ್ಲವೇ ಎಂದು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಮಾಳಿಂಗನ ಹೆಂಡತಿ ಮುಂದೆ ಓಡಿದಳು. ನಾಲ್ಕು ಜನ ಅವಳನ್ನು ಹಿಡಿದು ನಿಲ್ಲಿಸಿದರು.

ಹೊತ್ತು ಇಳಿಯುವಾಗ ಮಾಳಿಂಗ ಹೊರಗೆ ಬಂದ. ಮೈತುಂಬ ಗೀರು. ಹಿಂದೆ ಬೆರಳೆಣಿಕೆಯ ಕುರಿಗಳಿದ್ದವು. ಕೈಯಲ್ಲಿ ಒಂದು ಜಾಲಿ ಗಿಡ ಇತ್ತು. ಸಿಕ್ಕಿದ್ದರಲ್ಲೇ ಸಣ್ಣದನ್ನು ಹುಡುಕಿ, ಎರಡು ಕೈಯಿಂದ ಹಿಡಿದು, ಕಾಲು ಕೊಟ್ಟು ಎಳೆದು ತಂದಿದ್ದ. ಯಾರ ಮುಖವನ್ನೂ ನೋಡದೆ ನೇರವಾಗಿ ಬಂದು ಅದನ್ನು ಮುದುಕಿಯ ಮುಂದೆ ಇಟ್ಟ. ಅಂದು ಒಪ್ಪಿಸಬೇಕಾಗಿದ್ದನ್ನು ಈಗ ಒಪ್ಪಿಸುವವನ ಹಾಗೆ ನಿಂತ.

ಮುದುಕಿ ಬಗ್ಗಿದಳು. ಹಳೆಯ ಅಭ್ಯಾಸ, ಅವಳ ಕೈ ಮೊದಲು ಬೇರಿನ ಕಡೆಗೇ ಹೋಯಿತು. ತಿರುಗಿಸಿ ನೋಡಿದಳು. ಆ ಕಟ್ಟು ಯಾಕೆ ಎಂದು ಈಗ ಅವಳಿಗೆ ತಿಳಿಯಿತು.

"ಬೇರು ಹರಿದಿದೆ ತಮ್ಮಾ," ಎಂದಳು.

ಆ ಬೇಸಿಗೆ ಊರಿನ ಹಿಂಡುಗಳು ಮೇವು ಹುಡುಕಿಕೊಂಡು ದೂರದ ಸೀಮೆಗೆ ಹೋದವು. ಹೋದಷ್ಟು ತಿರುಗಿ ಬರಲಿಲ್ಲ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಕೆಂಪು ಬಟ್ಟೆಯನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ಅವನಿಗೆ ಇನ್ನೂ ಒಂದು ಸಂಶಯ ಉಳಿದಿತ್ತು.

"ಭಯ ತನ್ನ ಕೆಲಸ ಮಾಡಿತಲ್ಲ ಗುರುಗಳೇ. ಕುಡುಗೋಲು ಒಳಗೆ ಹೋಗಲಿಲ್ಲ, ಕಳ್ಳ ಹೋಗಲಿಲ್ಲ, ಗೌಡ ಕೂಡ ಹೋಗಲಿಲ್ಲ. ಎಲ್ಲರೂ ಅಷ್ಟು ಹೆದರಿದ್ದ ಜಾಗಕ್ಕೆ ಆ ಜಾಲಿ ಮಾತ್ರ ಹೇಗೆ ಬಂತು?"

ಗುರು ಇಳಿಜಾರಿನ ಕಡೆ ನೋಡಿದರು.

"ಮಾಳಿಂಗ ಹೇಳಿದ ಕತೆಯನ್ನು ಜಾಲಿಗೆ ಯಾರೂ ಹೇಳಿರಲಿಲ್ಲ."